ವಂದನಾರ್ಪಣೆಗೆ ಉಳಿದವರು

ನಮ್ಮ ಕಾಲೇಜಿನಲ್ಲಿ ಯಾವ ಸಮಾರಂಭ ನಡೆದರೂ ವಂದನಾರ್ಪಣೆ ನನ್ನ ತಲೆಗೇ ಬೀಳುತ್ತದೆ. ಸ್ವಾಗತಕ್ಕೆ ಪೈಪೋಟಿಯಿದೆ, ನಿರೂಪಣೆಗಂತೂ ಹೊಸ ಸೀರೆಗಳೇ ಬರುತ್ತವೆ. ವಂದನಾರ್ಪಣೆಗೆ ಮಾತ್ರ ಕನ್ನಡ ಮೇಡಂ. ಅಷ್ಟು ಹೊತ್ತಿಗೆ ಉಳಿದಿರುವುದು ಕುರ್ಚಿಗಳು ಮತ್ತು ಅವುಗಳನ್ನು ಸಾಗಿಸಲು ಕಾದಿರುವ ಶಾಮಿಯಾನದವರು. ಹಳೆಯ ಸಂಸ್ಕೃತ ನಾಟಕಗಳ ಕೊನೆಯಲ್ಲಿ ಭರತವಾಕ್ಯವೆಂದು ಲೋಕಕ್ಕೆಲ್ಲ ಒಳಿತು ಕೋರುತ್ತಾರಲ್ಲ, ಅದನ್ನು ಪಾಠ ಮಾಡುವಾಗಲೆಲ್ಲ ನನಗೊಂದು ಅನುಮಾನ: ಆಗಲೂ ಜನ ಚಪ್ಪಲಿ ಹುಡುಕುತ್ತಿದ್ದರೇನೋ!

ಹೋದ ವರ್ಷ ಮಾತ್ರ ಈ ಕೆಲಸವನ್ನು ನಾನೇ ಕೇಳಿ ಪಡೆದೆ. ಭಾಷಣಕ್ಕೆ ಬರುವವರು ಅಂಥವರು. ಹಿಂದೆ ಮಂತ್ರಿಗಳಾಗಿದ್ದಾಗ ಇದೇ ಕಾಲೇಜಿನ ಹೆಣ್ಣುಮಕ್ಕಳಿಗೆಂದು ಹಾಸ್ಟೆಲ್ ಕಟ್ಟಿಸಿದ್ದರು. ಸಮೇತನಹಳ್ಳಿಯ ನಮ್ಮಪ್ಪ, "ದಿನಾ ಬಸ್ಸಲ್ಲಿ ಓಡಾಡೋ ಓದು ನಮ್ಮನೆ ಹುಡುಗೀಗೆ ಬ್ಯಾಡ" ಎಂದು ಪಟ್ಟು ಹಿಡಿದಿದ್ದವರು, ಹಾಸ್ಟೆಲ್ ಇದೆಯೆಂದ ಮೇಲೆ ಒಪ್ಪಿದರು. ಆ ಕಟ್ಟಡ ಏಳದಿದ್ದರೆ ನಾನು ಇವತ್ತು ಭರತವಾಕ್ಯದ ಬಗ್ಗೆ ಅನುಮಾನ ಪಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಅವರಿಗೀಗ ವಯಸ್ಸಾಗಿದೆ, ಅಧಿಕಾರವೂ ಇಲ್ಲ. ಇದನ್ನೆಲ್ಲ ಒಮ್ಮೆ ಅವರ ಮುಖ ನೋಡಿ ಹೇಳಿಬಿಡಬೇಕೆಂಬುದು ನನ್ನ ಬಹುಕಾಲದ ಆಸೆ.

ಭಾಷಣ ಚೆನ್ನಾಗಿತ್ತು. ಏನು ಹೇಳಿದರೆಂದು ಮಾತ್ರ ಕೇಳಬೇಡಿ. ವೇದಿಕೆಯ ಮೂಲೆಯಲ್ಲಿ ಕುಳಿತು ನಾನು ನನ್ನ ಮಾತನ್ನೇ ಉರುಹೊಡೆಯುತ್ತಿದ್ದೆ. ಹುಡುಗರು ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ.

ಕೊನೆಗೆ ನನ್ನ ಸರದಿ ಬಂತು. ಇಷ್ಟವಾದದ್ದನ್ನು ಎಲೆಯ ತುದಿಯಲ್ಲಿ ಕಡೆಗಿಟ್ಟುಕೊಂಡು ತಿನ್ನುವುದು ನನ್ನ ಚಿಕ್ಕಂದಿನ ಚಟ. ಅವರ ಹೆಸರನ್ನೂ ಹಾಗೇ ಕಡೆಗಿಟ್ಟುಕೊಂಡೆ. ಪ್ರಾರ್ಥನೆ ಹಾಡಿದವರು, ದೀಪಕ್ಕೆ ಎಣ್ಣೆ ಹಾಕಿದವರು, ಮೈಕ್ ಸೆಟ್ಟಿನವರು ಎಂದು ಸಾಗುತ್ತಿದ್ದಾಗ ಹಿರಿಯರ ಪಿ.ಎ. ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ನೆಲಮಂಗಲದಲ್ಲಿ ಇನ್ನೊಂದು ಕಾರ್ಯಕ್ರಮವಂತೆ. ಹಿರಿಯರು ನನಗೆ ಕೈಮುಗಿದು ಎದ್ದರು. ಸೆಲ್ಫಿಗೆಂದು ಸಭೆಯೇ ಅವರ ಹಿಂದೆ ಎದ್ದುಹೋಯಿತು. ನನಗೆ ಅಳು ಬರುವುದೊಂದು ಬಾಕಿ.

ಹಾಸ್ಟೆಲಿನ ಕೆಲವು ಹುಡುಗಿಯರು ಮಾತ್ರ ಕುಳಿತೇ ಇದ್ದರು. ನಾನು ಹಟಕ್ಕೆ ಬಿದ್ದು ನನ್ನ ಕಥೆಯನ್ನೆಲ್ಲ ಅವರಿಗೇ ಹೇಳಿದೆ. ಮುಗಿಸಿದಾಗ ಅಶ್ವಿನಿ ಎಂಬ ಹುಡುಗಿ ಎದ್ದು ನಿಂತಳು.

"ಮೇಡಂ, ಆವಾಗ ಹಾಸ್ಟೆಲಲ್ಲಿ ನೀರು ಬರ್ತಿತ್ತಾ?"

"ಬರ್ತಿತ್ತಲ್ಲ, ಯಾಕೆ?"

"ಈಗ ಬೋರ್ ಕೆಟ್ಟೋಗಿದೆ ಮೇಡಂ. ಪರೀಕ್ಷೆ ಟೈಮಲ್ಲಿ ಬಕೆಟ್ ಹಿಡ್ಕೊಂಡು ಬೀದಿ ಸುತ್ತಾ ಇದೀವಿ. ನಮ್ಮಪ್ಪ, ಓದು ಬಿಟ್ಟು ಬಂದ್ಬಿಡು ಅಂತಾವ್ರೆ."

ಅವಳ ಕೈ ಹಿಡಿದುಕೊಂಡು ಓಡಿದೆ. ಕನ್ನಡ ಮೇಡಂ ಓಡುವುದನ್ನು ನಮ್ಮ ವಿದ್ಯಾರ್ಥಿಗಳು ಅವತ್ತೇ ಮೊದಲು ನೋಡಿದ್ದು. ಹಿರಿಯರು ಕಾರಿನಲ್ಲಿ ಕುಳಿತಾಗಿತ್ತು, ಪುಣ್ಯಕ್ಕೆ ಗಾಜು ಇಳಿದಿತ್ತು. ಒಂದು ಮಾತಿಗಷ್ಟೇ ಸಮಯ. ಅಷ್ಟು ಕಾಲದ ಕೃತಜ್ಞತೆ ಗಂಟಲವರೆಗೂ ಬಂದಿತ್ತು. ಬಾಯಿಂದ ಹೊರಟದ್ದು ಮಾತ್ರ ಬೇರೆ: "ಸರ್, ನೀವು ಕಟ್ಟಿಸಿದ ಹಾಸ್ಟೆಲಲ್ಲಿ ನೀರಿಲ್ಲ. ಈ ಹುಡುಗೀನ ಓದು ಬಿಡ್ಸಿ ಮನೆಗೆ ಕರೀತಿದಾರೆ."

ಪಕ್ಕದಲ್ಲಿದ್ದ ಪ್ರಿನ್ಸಿಪಾಲರ ಮುಖ ಬಿಳಿಚಿಕೊಂಡಿತು. ಹಿರಿಯರು ಹುಡುಗಿಯನ್ನೊಮ್ಮೆ ನೋಡಿ, ಬಾಗಿಲು ತೆರೆದು ನಿಧಾನವಾಗಿ ಇಳಿದರು.

"ಈಗ ನನ್ ಮಾತು ಯಾರು ಕೇಳ್ತಾರೋ ಗೊತ್ತಿಲ್ಲ ಕಣಮ್ಮ. ನಡಿ, ನೋಡಾಣ."

ಪಿ.ಎ. ನೆಲಮಂಗಲದ ನೆನಪು ಮಾಡಿದ. "ತಡ ಆಯ್ತದೆ ಅಂತ ಫೋನ್ ಮಾಡಪ್ಪಾ" ಎಂದು ಹಿರಿಯರು ಹಾಸ್ಟೆಲಿನತ್ತ ನಡೆದೇಬಿಟ್ಟರು. ಅಶ್ವಿನಿ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ನೀರಿನಿಂದ ಶುರುಮಾಡಿ ಫ್ಯಾನು, ಸಾಂಬಾರು, ಬಾಗಿಲ ಚಿಲಕದವರೆಗೂ ದೂರು ಹೇಳುತ್ತಿದ್ದಳು. ಹಾರ ಹಾಕಿಸಿಕೊಳ್ಳುವಾಗ ದಣಿದಂತಿದ್ದ ಅವರ ಮುಖದಲ್ಲಿ ಈಗ ಗೆಲುವಿತ್ತು. ಹಿಂದೆ ಬರುತ್ತಿದ್ದ ನನಗೆ, ವಂದನೆ ಹೇಳದೆ ಉಳಿದದ್ದೇ ವಾಸಿಯಾಯಿತು ಎನ್ನಿಸಿತು. ವಂದನೆ ಸ್ವೀಕರಿಸಿದ್ದರೆ ಅವರು ಕೈಮುಗಿದು ಹೊರಟುಬಿಡಬೇಕಾಗುತ್ತಿತ್ತು.

ಬೋರ್ ಸರಿಯಾಗಲು ಆಮೇಲೂ ಕೆಲವು ವಾರ ಹಿಡಿಯಿತು. ಅಷ್ಟು ದಿನವೂ ಅಶ್ವಿನಿ ಬಕೆಟ್ ಹಿಡಿದುಕೊಂಡೇ ಓದಿದಳು. ಅಪ್ಪನಿಗೆ ಏನು ಹೇಳಿದೆಯೇ ಎಂದು ಒಮ್ಮೆ ಕೇಳಿದೆ.

"ಅಷ್ಟು ವಯಸ್ಸಾದೋರು ಕಾರಿಂದ ಇಳ್ದು ಬಂದು ನೋಡವ್ರೆ, ಈಗ ನಾನು ಎದ್ದು ಬಂದ್ರೆ ಚೆನ್ನಾಗಿರಲ್ಲ ಅಂದೆ ಮೇಡಂ."