ಇಲಿ ಬಿದ್ದದ್ದು ನಮ್ಮ ಅಟ್ಟದಲ್ಲಿ

ನೂರಿ, ಹೋದ ವಾರ ಮಳವಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ನೀನು ನನ್ನ ಕೈ ಹಿಡಿದು ಕ್ಷಮೆ ಕೇಳಿದೆ. ನಾನು ಕ್ಷಮಿಸಿದೆ. ಆಹಾ, ಎಂಥ ದೊಡ್ಡ ಮನಸ್ಸು ನನ್ನದು! ಕೇಳಿಲ್ಲಿ — ಆ ಇಲಿ ನಿಮ್ಮ ಮನೆಯದಲ್ಲ. ಅದು ಸತ್ತು ಬಿದ್ದಿದ್ದು ಮದ್ದೂರಿನ ನಮ್ಮ ಮನೆಯ ಅಟ್ಟದ ಮೇಲೆ. ಬಾಲ ಹಿಡಿದು ಗೋಡೆಯಾಚೆ ನಿಮ್ಮ ಹಿತ್ತಲಿಗೆ ಎಸೆದವಳು ನಾನು. ನನ್ನ ತಂಗಿ ಪುಟ್ಟಿಯನ್ನು ಕೊಂದ ಪ್ಲೇಗು ನಿಮ್ಮ ಮನೆಯಿಂದ ಬರಲಿಲ್ಲ.

ಬರೆದುಬಿಟ್ಟೆ. ಇಷ್ಟೇ ಇದ್ದದ್ದು. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ನನಗೇ ದಿಗ್ಭ್ರಮೆಯಾಗುತ್ತಿದೆ.

ನಿನಗೆ ಕನ್ನಡ ಓದಲು ಬಾರದು, ಗೊತ್ತು. ಹಾಗಾಗಿ ಇದನ್ನು ಅಂಚೆಗೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಿನ್ನೆದುರು ನಿಂತಾಗ ನನ್ನ ನಾಲಿಗೆ ಮತ್ತೆ ಹೊರಳಿಬಿಡಬಾರದು ಎಂದು ಬರೆದು ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಈ ನಾಲಿಗೆಯನ್ನು ನಾನು ನಂಬುವುದಿಲ್ಲ.

ಯುದ್ಧ ಶುರುವಾದ ವರ್ಷದ ಚಳಿಗಾಲ. ನೆನಪಿದೆಯಲ್ಲ? ಪ್ಲೇಗು ಬಂದಿದೆ ಎಂದು ಶಾಲೆಗೆ ರಜೆ ಕೊಟ್ಟಿದ್ದರು. ಪೇಟೆಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಆ ಮನೆಗಳವರೆಲ್ಲ ಊರಾಚೆ, ಶಿಂಷಾ ಹೊಳೆಯ ಕಡೆಯ ಬಯಲಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡಿದ್ದರು. ನಮ್ಮ ಬೀದಿಗೆ ಮಾತ್ರ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಅವತ್ತೇ ಮನೆ ಬಿಡಬೇಕು, ಅಕ್ಕಪಕ್ಕದವರಿಗೆ ಕೂಗಿ ಹೇಳಬೇಕು. ಆಗ ಎಲ್ಲರೂ ನಡೆಸುತ್ತಿದ್ದ ಕಟ್ಟಳೆ ಅದು. ಇಲಿ ಬೀಳದ ಮನೆಯವರು ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರು.

ನಾಚಿಕೆಯಿಲ್ಲದೆ ಹೇಳುತ್ತೇನೆ, ನಮ್ಮ ಮನೆಯಲ್ಲಿ ಅಷ್ಟು ಸುಖದ ದಿನಗಳು ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಮೇಷ್ಟರಾದ ಅಪ್ಪ ಶಾಲೆಯಿಲ್ಲದೆ ಇಡೀ ದಿನ ಮನೆಯಲ್ಲೇ. ಅಪ್ಪನಿಗೆ ಮರ ಕೆತ್ತುವ ಹುಚ್ಚು. ಜಗಲಿಯಲ್ಲಿ ಕೂತು ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ತಾವೇ ತೇಗದ ತುಂಡಿನಲ್ಲಿ ಅಚ್ಚು ಕೊರೆಯುತ್ತಿದ್ದರು — ಗಿಳಿ, ಬಾತುಕೋಳಿ, ತುಳಸಿಕಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಚೌಕಾಬಾರ. ಅಮ್ಮ ಕವಡೆ ಹಾಕುವುದರಲ್ಲಿ ಮೋಸ ಮಾಡುತ್ತಾರೆಂದು ಅಪ್ಪ, ಮೇಷ್ಟರಿಗೆ ಸೋಲುವುದಕ್ಕೂ ಬರುವುದಿಲ್ಲವೆಂದು ಅಮ್ಮ. ಪುಟ್ಟಿ ಅಪ್ಪನ ಬೆನ್ನ ಮೇಲೆ ಜೋತುಬಿದ್ದು, "ಅಪ್ಪ, ನಂಗೆ ಆನೆ ಅಚ್ಚು. ಸೊಂಡ್ಲು ಮೇಲೆತ್ತಿರ್‍ಬೇಕು," ಎಂದು ಪೀಡಿಸುತ್ತಿದ್ದಳು. ನೀನೂ ಬರುತ್ತಿದ್ದೆ. ಹಿತ್ತಲ ಗೋಡೆಯ ಮುರಿದ ಜಾಗದಲ್ಲಿ ಲಂಗ ಎತ್ತಿ ಹಾರಿ ಬಂದು, ನನ್ನ ಪಕ್ಕ ಕೂತು, ನನ್ನ ಕಾಯಿಗಳನ್ನು ನನಗಿಂತ ಚೆನ್ನಾಗಿ ನಡೆಸುತ್ತಿದ್ದೆ.

ಆ ವರ್ಷ ಅಮ್ಮ ನನಗೊಂದು ಮಾತು ಕೊಟ್ಟಿದ್ದರು. "ಈ ಸಲ ಅಚ್ಚು ಎಲ್ಲಾ ನೀನೇ ಹೊಯ್ಯಿ. ನಾನು ಒಲೆ ಹತ್ರ ಬರೋದಿಲ್ಲ. ಆಗ್ಲೇ ಲಂಗ ದಾವಣಿ ಹಾಕ್ತಿದೀಯ, ಇನ್ಯಾವಾಗ ಕಲೀತೀಯ?" — ಅಬ್ಬ, ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಕ್ಕರೆಗೆ ಹಾಲು ಬಿಟ್ಟು ಕೊಳೆ ತೆಗೆಯುವುದು, ಬಟ್ಟೆಯಲ್ಲಿ ಸೋಸುವುದು, ಇದ್ದಿಲ ಕೆಂಡದ ಮೇಲೆ ಪಾಕ ಬೆಳ್ಳಗಾಗುವ ಗಳಿಗೆ ನೋಡಿ ನೆನೆಸಿದ ಅಚ್ಚಿಗೆ ಸುರಿಯುವುದು. ಪಾಕ ಒಂದು ಚೂರು ಎಳೆಯದಾದರೆ ಅಂಟು, ಬಲಿತರೆ ಪುಡಿ. ಹಬ್ಬದ ದಿನ ತಟ್ಟೆ ಹಿಡಿದು ಉಳಿದಿರುವ ಮನೆಗಳಿಗೆ ಎಳ್ಳು ಬೀರಲು ಹೋಗುತ್ತೇನೆ, "ಯಾರು ಮಾಡಿದ್ದು?" ಎನ್ನುತ್ತಾರೆ, "ನಾನೇ" ಎನ್ನುತ್ತೇನೆ. ಅಷ್ಟೇ, ನೂರಿ. ಆ "ನಾನೇ" ಎನ್ನುವ ಒಂದು ಮಾತಿನ ಆಸೆ.

ಹಬ್ಬ ಹತ್ತಿರ ಬಂದಿತ್ತು. ಬೆಳಿಗ್ಗೆ ಪಾಕಕ್ಕೆ ಸಕ್ಕರೆ ನೆನೆಹಾಕಿ, ಅಚ್ಚುಗಳ ಬುಟ್ಟಿ ತರಲು ಅಟ್ಟ ಹತ್ತಿದೆ. ಬುಟ್ಟಿಯ ಪಕ್ಕದಲ್ಲೇ ಬಿದ್ದಿತ್ತು. ಹೊಟ್ಟೆ ಉಬ್ಬಿತ್ತು. ಬಾಯಿ ತೆರೆದಿತ್ತು.

ನನಗೆ ಅರ್ಥವಾಗಲಿಲ್ಲ ಎಂದು ಹೇಳಲೇ? ಹೇಳಲಾರೆ. ಎರಡನೇ ತರಗತಿಯ ಮಗುವಿಗೂ ಅರ್ಥವಾಗುತ್ತಿತ್ತು ಆಗ. ಕೂಗಬೇಕಿತ್ತು. ಕೂಗಿದ್ದರೆ ಮಧ್ಯಾಹ್ನದೊಳಗೆ ಮನೆಗೆ ಬೀಗ. ಸಕ್ಕರೆ ಪಾಕ ಬಚ್ಚಲಿಗೆ. ಬಯಲಿನ ಗುಡಿಸಲಲ್ಲಿ ಯಾರು ಅಚ್ಚು ಹೊಯ್ಯುತ್ತಾರೆ, ಯಾರಿಗೆ ಎಳ್ಳು ಬೀರುತ್ತಾರೆ? — ಇದೇ ನನ್ನ ತಲೆಗೆ ಬಂದದ್ದು. ಮೊದಲು ಬಂದದ್ದೂ ಇದೇ, ಕೊನೆಗೆ ಬಂದದ್ದೂ ಇದೇ. ಹಳೆಯ ಬಟ್ಟೆಯಲ್ಲಿ ಬಾಲ ಹಿಡಿದೆ. ಬೀದಿಗೆ ಎಸೆದರೆ ಜನ ನೋಡುತ್ತಾರೆ. ನಮ್ಮ ಹಿತ್ತಲಲ್ಲಿ ಹೂತರೆ ಅಮ್ಮ ನೋಡುತ್ತಾರೆ. ಗೋಡೆಯಾಚೆ... ನಿಮ್ಮ ಹಿತ್ತಲು ಅಂತ ಗೊತ್ತಿದ್ದೇ ಎಸೆದೆ. ಬೆಕ್ಕು ಎತ್ತಿಕೊಂಡು ಹೋಗುತ್ತದೆ ಎಂದುಕೊಂಡೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆಗ ನಾನು ಬೆಕ್ಕನ್ನು ನೆನೆದೇ ಇರಲಿಲ್ಲ.

ಕೈ ತೊಳೆದು ಬಂದು ಒಲೆಯ ಮುಂದೆ ಕೂತೆ. ಪಾಕ ಚೆನ್ನಾಗಿ ಬಂತು.

ಮೊದಲ ಅಚ್ಚು ಬಿಡಿಸುವಷ್ಟರಲ್ಲಿ ಹಿತ್ತಲಿಂದ ನಿನ್ನ ಅಮ್ಮಿಯ ದನಿ. ಗೋಡೆಗೆ ದೂರದಲ್ಲಿ ನಿಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂಗುತ್ತಿದ್ದರು. "ಮೇಷ್ಟ್ರಮ್ಮಾ, ನಮ್ ಇತ್ಲಲ್ಲಿ ಇಲಿ ಬಿದ್ದದೆ. ನಾವು ಒಂಟ್ವಿ. ಮಕ್ಕಳಿರೋ ಮನೆ ನಿಮ್ದು, ನೀವೂ ಬುಟ್ಬುಡಿ ತಾಯೀ, ತಡ ಮಾಡ್ಬ್ಯಾಡಿ."

ಬಚ್ಚಿಟ್ಟವರಿದ್ದರು ಊರಲ್ಲಿ. ಸತ್ತ ಇಲಿಯನ್ನು ಒಲೆಗೆ ಹಾಕಿ ಸುಮ್ಮನಾದವರಿದ್ದರು. ನಿನ್ನ ಅಮ್ಮಿ ಹಾಗೆ ಮಾಡಲಿಲ್ಲ. ನಮ್ಮನ್ನು ಉಳಿಸಲು ಕೂಗಿದರು.

ಅಮ್ಮ ಗಾಬರಿಯಿಂದ ಒಳಗೆ ಬಂದು ನನ್ನನ್ನು ಕೇಳಿದರು: "ಈಗ ತಾನೆ ಅಟ್ಟ ಹತ್ತಿದ್ಯಲ್ಲೇ, ನಮ್ಮನೇಲಿ ಏನಾದ್ರೂ ಕಂಡ್ಯಾ?"

ಇದು, ನೂರಿ, ಇದು. ಇಲಿ ಎಸೆದದ್ದನ್ನಾದರೂ ಮಕ್ಕಳಾಟಿಕೆ ಎನ್ನಬಹುದಿತ್ತೇನೋ. ಆದರೆ ನನ್ನ ಮುಂದೆ ಬಾಗಿಲು ಮತ್ತೊಮ್ಮೆ ತೆರೆದಿತ್ತು. ಅಮ್ಮ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದರು. ಪುಟ್ಟಿ ಪಕ್ಕದಲ್ಲೇ ಕೂತು ಅಚ್ಚಿಗೆ ಕಟ್ಟಿದ ದಾರ ಬಿಚ್ಚುತ್ತಿದ್ದಳು.

"ಇಲ್ಲಮ್ಮ. ಎಲ್ಲಾ ಮೂಲೇನೂ ನೋಡ್ದೆ. ಏನೂ ಇಲ್ಲ," ಎಂದೆ.

ಅಪ್ಪನೂ ಕೇಳಿಸಿಕೊಂಡರು. "ಇವಳು ನೋಡಿದಾಳಲ್ಲ. ಹಬ್ಬ ಮುಗಿಸ್ಕೊಂಡೇ ಹೋಗೋಣ," ಎಂದರು. ನನ್ನ ಮಾತಿಗೆ ನಮ್ಮ ಮನೆಯಲ್ಲಿ ಅಷ್ಟು ಬೆಲೆಯಿತ್ತು.

ಆ ಸಾಯಂಕಾಲ ಗಾಡಿಯ ಮೇಲೆ ನಿಮ್ಮ ಪಾತ್ರೆ, ಚಾಪೆ, ಕೋಳಿಗಳು, ಪಾತ್ರೆಗೆ ಕಲಾಯಿ ಹಾಕಲು ನಿನ್ನ ಅಬ್ಬಾ ಬೆಂಕಿ ಊದುತ್ತಿದ್ದ ತಿದಿ. ನೀನು ಗಾಡಿಯ ಹಿಂದೆ ನಡೆಯುತ್ತಾ ತಿರುಗಿ, "ನಂಗೊಂದ್ ಗಿಳಿ ಮಡಗಿರು ಕಣೆ," ಎಂದೆ. ಮಡಗಿದ್ದೆ, ನೂರಿ. ನಿನಗೆಂದು ಎತ್ತಿಟ್ಟಿದ್ದೆ ಕೂಡ!

ಪುಟ್ಟಿ ಮಲಗುತ್ತಿದ್ದದ್ದು ಅಟ್ಟದ ಕೆಳಗಿನ ಕೋಣೆಯಲ್ಲಿ. ಹಬ್ಬದ ಹಿಂದಿನ ದಿನ ಜ್ವರ ಬಂತು. ಅಮ್ಮ ಲಂಗ ಬದಲಾಯಿಸುವಾಗ ತೊಡೆಯ ಸಂದಿಯಲ್ಲಿ ಗಡ್ಡೆ ಕಂಡಿತು. ಅಮ್ಮ ಕೂಗಿದ ಆ ಕೂಗು... ಬೇಡ. ಅಪ್ಪ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಯಲಿಗೆ ಓಡಿದರು. ಅದರ ಕೈಯಲ್ಲಿ ಸಕ್ಕರೆಯ ಆನೆ ಇತ್ತು. ಸೊಂಡಿಲು ಮುರಿಯುತ್ತದೆಂದು ತಿಂದಿರಲಿಲ್ಲ. ಹಬ್ಬದ ದಿನ, ಊರವರು ಎಳ್ಳು ಬೀರುವ ಹೊತ್ತಿಗೆ ಮಗು ಹೋಯಿತು. ಗುಡಿಸಲ ಮೂಲೆಯಲ್ಲಿದ್ದ ಆನೆಗೆ ಇರುವೆ ಮುತ್ತಿತ್ತು. ಅಪ್ಪ ತಾವು ಕೆತ್ತಿದ ಮರದ ಅಚ್ಚುಗಳನ್ನೆಲ್ಲ ತರಿಸಿ, ನೀರು ಕಾಯಿಸುವ ಒಲೆಗೆ ಹಾಕಿದರು. ಮತ್ತೆಂದೂ ಉಳಿ ಮುಟ್ಟಲಿಲ್ಲ.

ಆಮೇಲಿನದು ನಿನಗೂ ಗೊತ್ತು. ನಿನ್ನ ಅಮ್ಮಿ ನಮ್ಮ ಗುಡಿಸಲ ಹತ್ತಿರ ಬಂದು, ದೂರದಲ್ಲಿ ನಿಂತು ಅಳುತ್ತಿದ್ದರು. ನಮ್ಮಮ್ಮ ಕೆದರಿದ ತಲೆಯಲ್ಲೇ ಎದ್ದು ಬಂದರು. "ನಿಮ್ಮನೆ ಇಲಿ ನನ್ನ ಮಗೂನ ತಿಂತಲ್ಲೇ! ಇನ್ಯಾಕೆ ಬಂದೆ, ನೋಡಿ ಹೋಗಾಣಾಂತಲಾ? ನಿನ್ನ ಮುಖ ತೋರಿಸ್ಬೇಡ. ನಿನ್ನ ಒಲೆ ಹಾಳಾಗ!" ನಿನ್ನ ಅಮ್ಮಿ "ಔದು ತಾಯೀ, ಔದು," ಎಂದಷ್ಟೇ ಹೇಳಿ ಬಗ್ಗಿ ನೆಲ ಮುಟ್ಟಿದರು. ನಾನು ಕೊಡ ಹಿಡಿದು ಅಲ್ಲೇ ನಿಂತಿದ್ದೆ. ನೀನು ನನ್ನನ್ನೇ ನೋಡುತ್ತಿದ್ದೆ. ನಾನು ಏನಾದರೂ ಹೇಳುತ್ತೇನೆಂದು ಕಾದಿದ್ದೆಯಾ? ನಾನು ನೀರಿಗೆ ಹೋಗುವವಳಂತೆ ತಿರುಗಿಕೊಂಡೆ.

ಅಮ್ಮನ ಮಾತು ಬಯಲೆಲ್ಲ ಹಬ್ಬಿತು. ಜನ ಊರಿಗೆ ಮರಳಿದ ಮೇಲೆ ನಿನ್ನ ಅಬ್ಬಾನಿಗೆ ಯಾರೂ ಕಲಾಯಿಗೆ ಪಾತ್ರೆ ಕೊಡಲಿಲ್ಲ. ಪ್ಲೇಗಿನ ಮನೆಯ ಕೈ ಮುಟ್ಟಿದ ಪಾತ್ರೆಯಲ್ಲಿ ಹೇಗೆ ಉಣ್ಣುವುದು ಎಂದರು. ಆ ಬೇಸಗೆಯಲ್ಲೇ ನೀವು ಮಳವಳ್ಳಿಗೆ ಹೊರಟುಹೋದಿರಿ. ನಾನು ಕಿಟಕಿಯಿಂದ ನೋಡಿದೆ.

ಮದುವೆಯಾಗಿ ಮಂಡ್ಯ ಸೇರಿದೆ. ನನಗೂ ಒಂದು ಹೆಣ್ಣುಮಗುವಾಯಿತು. ಅಪ್ಪ ತೀರಿಕೊಂಡರು, ನನ್ನಿಂದ ಏನೂ ಕೇಳದೆಯೇ. ಪ್ರತಿ ಸಂಕ್ರಾಂತಿಗೂ "ನೀನ್ಯಾಕೆ ಅಚ್ಚು ಮಾಡೋದಿಲ್ಲ?" ಎಂದು ಅತ್ತೆ ಕೇಳುತ್ತಾರೆ. ಸಕ್ಕರೆ ರೇಷನ್ನು ನನಗೊಂದು ನೆಪವಾಯಿತು. ಹೀಗೆ ಮರೆತೇಹೋದವಳಂತೆ ಬದುಕಿಬಿಡುತ್ತಿದ್ದೆನೇನೋ. ಹೋದ ವಾರ ಬೆಳಕವಾಡಿಯ ನೆಂಟರ ಮನೆಯಿಂದ ಬರುತ್ತಾ ಮಳವಳ್ಳಿಯಲ್ಲಿ ಇಳಿದು, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಮಂಡ್ಯದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹಿಂದಿನಿಂದ, "ಏ, ಮೇಷ್ಟ್ರ ಮಗ್ಳು ಸಾವಿತ್ರಿ ಅಲ್ವಾ ನೀನು?" ಎಂದಿತು ಒಂದು ದನಿ. ತಿರುಗಿದರೆ ನೀನು ಬುರ್ಖಾದ ಮುಸುಕು ಎತ್ತಿದೆ. ನಿನ್ನ ಕಂಕುಳಲ್ಲಿ ಮಗು.

ಸಂತೋಷಪಡುತ್ತೀಯೆಂದು ನಾನು ನಗಲು ಹೋದರೆ ನೀನು ಅತ್ತುಬಿಟ್ಟೆ. "ಅಮ್ಮಿ ಓದ್ ವರ್ಸ ಓಗ್ಬುಟ್ಲು ಕಣೆ. ಸಾಯಾಗಂಟ ಅದೇ ಕೊರಗು. ಸಂಜೆ ಆದ್ರೆ ದೀಪ ಇಡ್ಕಂಡು ಮೂಲೆ ಮೂಲೆ ಇಲಿ ಉಡುಕೋಳು. ನಮ್ಮನೆಯಿಂದ ಆ ಮಗ ಓಯ್ತು ಅನ್ನೋಳು. ಮೇಷ್ಟ್ರ ಮನೆಯೋರು ಎಲ್ಲಾರ ಸಿಕ್ರೆ ನನ್ ಪರ್ವಾಗಿ ಮಾಫಿ ಕೇಳು ಅಂತ ನನ್ ಕೈಲಿ ಆಣೆ ಆಕುಸ್ಕಂಡ್ಲು. ಮಾಫ್ ಮಾಡ್ಬುಡು ಸಾವಿತ್ರಿ."

ಹೇಳು, ಹೇಳೇ ಪಾಪಿ, ಎಂದು ಒಳಗೆ ಬಡಿದುಕೊಳ್ಳುತ್ತಿತ್ತು. ಅಷ್ಟರಲ್ಲಿ ಬಾಯಿ ತಾನಾಗಿ ತೆರೆಯಿತು.

"ಆಯ್ತು ಬಿಡು ನೂರಿ. ಆಗಿದ್ದು ಆಗ್ಹೋಯ್ತು. ನಾವೆಲ್ಲಾ ಯಾವತ್ತೋ ಮರ್‍ತಿದೀವಿ."

ಥೂ! ನೀನು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡೆ. ಇಲಿಯ ಬಾಲ ಹಿಡಿದ ಕೈ ಅದು. ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ಕೈ ಬೀಸಿದೆ ಕೂಡ. ಹುಡುಗಿಯಾಗಿ ಮಾಡಿದ್ದಕ್ಕಿಂತ ಈ ವಯಸ್ಸಿನಲ್ಲಿ, ಹಗಲು ಹೊತ್ತಿನಲ್ಲಿ, ಮಗುವಿನ ತಾಯಿಯಾಗಿ ಮಾಡಿದ್ದು — ಇಂಥವಳು ನಾನು ಎಂದು ನನಗೇ ಗೊತ್ತಿರಲಿಲ್ಲ.

ನಿನ್ನೆ ಮದ್ದೂರಿಗೆ ಬಂದೆ. ಅಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅಟ್ಟ, ಬಟ್ಟೆ, ಗೋಡೆ, "ಏನೂ ಇಲ್ಲ" ಎಂದದ್ದು. ನಿನ್ನ ಅಮ್ಮಿಯ ದೀಪದ ವಿಷಯವನ್ನೂ ಹೇಳಿದೆ. ಅಮ್ಮನ ಕೈ ನಿಂತಿತು. ಹೊಡೆಯುತ್ತಾರೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಗೋಡೆಯ ಮುರಿದ ಜಾಗವನ್ನು — ಅದನ್ನು ಇನ್ನೂ ಕಟ್ಟಿಸಿಲ್ಲ — ನೋಡಿದರು. ಆಮೇಲೆ ಮೊರವನ್ನು ಪಕ್ಕಕ್ಕೆ ತಳ್ಳಿದರು.

"ಪುಟ್ಟಿ ವಿಷ್ಯ ನಾನು ನಿನ್ನ ಹತ್ರ ಆಮೇಲೆ ಮಾತಾಡ್ತೀನಿ. ಮಾತಾಡ್ತೀನೋ ಇಲ್ವೋ ಗೊತ್ತಿಲ್ಲ. ಮೊದ್ಲು ಮಳವಳ್ಳಿಗೆ ನಡಿ. ನಾನೂ ಬರ್‍ತೀನಿ. ಆ ತಾಯಿಗೆ ಅವತ್ತು ಶಾಪ ಹಾಕಿದ್ ಬಾಯಿ ನಂದು," ಎಂದರು.

ಅಮ್ಮ ಈಗ ಹೊರಗೆ ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದಿಲ್ಲ, ನನಗೆ ಗೊತ್ತು. ನಿನ್ನ ಅಬ್ಬಾ ಮನೆಯಲ್ಲಿರಲಿ, ನಿಮ್ಮ ಬೀದಿಯವರೂ ಇರಲಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಬಾಗಿಲ ಹೊರಗಿನಿಂದ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಆ ಮಾತನ್ನು ನಿನ್ನ ಬಾಯಿಂದ ಕೇಳಿಸಿಕೊಂಡು ಕೈ ಬೀಸಿ ಬಂದವಳು ನಾನು.

ನಿನ್ನ ಅಮ್ಮಿಯನ್ನು ಎಲ್ಲಿ ಮಣ್ಣು ಮಾಡಿದ್ದೀರೆಂದು ಕೇಳುತ್ತೇನೆ. ಹೆಂಗಸರು ಅಲ್ಲಿಗೆ ಹೋಗುವ ಹಾಗಿದೆಯೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ಹೊರಗೆ ದಾರಿಯಲ್ಲಿ ನಿಂತು, ಅವತ್ತು ಅವರು ನಮಗೆ ಕೂಗಿದಷ್ಟೇ ಗಟ್ಟಿಯಾಗಿ ಕೂಗುತ್ತೇನೆ: ಇಲಿ ಬಿದ್ದದ್ದು ನಮ್ಮ ಮನೆಯಲ್ಲಿ.