ರೇಷ್ಮೆ ಹಾಳೆಯೊಳಗಿನ ಪೇಡ

ರೇಷ್ಮೆ ಗೂಡು ಬೇಯಿಸಿದ ನೀರಿನಲ್ಲಿ ಉಳಿಯುವ ಅಂಟಿಗೆ ಲವಂಗದೆಣ್ಣೆ ಸೇರಿಸಿ, ಬೂಷ್ಟು ತಡೆಯುವ, ತಿಂಡಿಯ ಜೊತೆಗೇ ತಿನ್ನಬಹುದಾದ ತೆಳು ಹಾಳೆ ಮಾಡಿದ್ದೆ. ಅದರಲ್ಲಿ ಸುತ್ತಿದ ಪೇಡ ಕೊಳ್ಳೇಗಾಲದ ಒಂದು ಮಿಠಾಯಿ ಅಂಗಡಿಯಲ್ಲಿ ವಾರವಾದರೂ ಕೆಟ್ಟಿರಲಿಲ್ಲ. ಪೂಜೆ ಮುಗಿಸಿ ಬಂದ ಯಜಮಾನರು ಒಂದನ್ನು ಬಾಯಿಯವರೆಗೆ ಒಯ್ದು, "ಸುತ್ತಿರೋದು ಯಾತ್ರುದು ಸಾ?" ಎಂದರು.

"ನಿಮ್ಮೂರಿನ ರೇಷ್ಮೆ ಗೂಡಿಂದೇ," ಎಂದೆ ಹೆಮ್ಮೆಯಿಂದ.

ಪೇಡ ತಟ್ಟೆಗೆ ವಾಪಸಾಯಿತು. "ರೇಸ್ಮೆ ಉಳದ್ದಾ? ನಾವು ಲಿಂಗ ಕಟ್ಟಿರೋರು ಕಣ್ರಿ."

"ನೀವು ಉಟ್ಟಿರೋ ಮಡಿಪಂಚೆನೂ ರೇಷ್ಮೆದೇ ಅಲ್ವಾ?"

ಅವರು ಪಂಚೆ ನೋಡಿಕೊಂಡರು. "ಉಟ್ಟಿವ್ನಿ, ತಿಂದಿಲ್ವಲ್ಲ." ಆಮೇಲೆ ನನ್ನನ್ನು ಸಮಾಧಾನ ಮಾಡುವವರಂತೆ, "ಮಾಲು ಚೆಂದಾಗದೆ ಸಾ. ಬಿಚ್ಚಿ ಬಿಸಾಕಂಗೆ ಮಾಡ್ಕೊಡಿ, ನಾಳಿಂದ್ಲೇ ತಕತೀನಿ," ಎಂದರು.

ಬಿಚ್ಚಿ ಬಿಸಾಕುವ ಪ್ಲಾಸ್ಟಿಕ್ ಕವರುಗಳು ಅವರ ತಲೆಯ ಮೇಲೇ ಕಟ್ಟುಗಟ್ಟಲೆ ನೇತಾಡುತ್ತಿದ್ದವು. ಅವನ್ನು ಇಳಿಸಲೆಂದೇ ನಾನು ಅಷ್ಟು ದೂರ ಬಂದಿದ್ದೆ.