ಮಹಾನಂದಾ ಹೇಳಿ ಬರೆಸಿದ ರೆಸ್ಯೂಮ್

ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಒಂದು ಭಾನುವಾರ. ನನ್ನ ಹೆಂಡತಿ ಮಹಾನಂದಾ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಹತ್ತಿರ ಕುಳಿತು, ತೊಡೆಯ ಮೇಲೆ ಹಳೆಯ ಕ್ಯಾಲೆಂಡರಿನ ರಟ್ಟು ಇಟ್ಟುಕೊಂಡು, ರೆಸ್ಯೂಮ್ ಬರೆಯುತ್ತಿದ್ದೆ. ಇವತ್ತಿಗೂ ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಎಲ್ಲರಿಗೂ ಹಸಿವಾಗುತ್ತದೆ, ನನಗೆ ನನ್ನ ವಿದ್ಯಾರ್ಹತೆ ನೆನಪಾಗುತ್ತದೆ.

ರೆಸ್ಯೂಮ್ ಬರೆಯುವ ಪ್ರಸಂಗ ಯಾಕೆ ಬಂತೆಂದು ಹೇಳಬೇಕು. ಬೀದರ್ ಅಂಚಿನ ಕೊಳಾರದಲ್ಲಿ ಒಂದು ಗೋದಾಮಿನ ಸ್ಟೋರು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮಾಲೀಕರು ಒಂದು ದಿನ ಗೋದಾಮನ್ನು ಹೈದರಾಬಾದಿಗೆ ಎತ್ತಿಕೊಂಡು ಹೋಗುವುದಾಗಿ ಹೇಳಿ, ಬೇಕಿದ್ದರೆ ನೀನೂ ಬಾ ಎಂದರು. ಮಹಾನಂದಾಳಿಗೆ ಇಲ್ಲಿ ಅಂಗನವಾಡಿಯ ಕೆಲಸ, ಬಿಟ್ಟು ಬರುವಂತಿರಲಿಲ್ಲ. ನಾನು ಹೋದರೆ ಅಲ್ಲೊಬ್ಬರು, ಇಲ್ಲೊಬ್ಬರು. ಅದೇ ಹೊತ್ತಿಗೆ ಕೊಳಾರದಲ್ಲೇ ಹೊಲಕ್ಕೆ ಔಷಧ ಹೊಡೆಯುವ ಬ್ಯಾಟರಿ ಪಂಪು ಮಾಡುವ ಕಂಪನಿಯೊಂದು ‘ಸಪೋರ್ಟ್ ಸ್ಪೆಷಲಿಸ್ಟ್’ ಬೇಕೆಂದು ಗೇಟಿಗೆ ಕಾಗದ ಅಂಟಿಸಿತು. ಪಂಪು ಕೊಂಡವರು ಕೆಟ್ಟಿದೆ ಎಂದು ಫೋನ್ ಮಾಡಿದರೆ ಕೇಳಿಸಿಕೊಂಡು ದಾರಿ ಹೇಳುವ ಕೆಲಸ. ರೆಸ್ಯೂಮ್ ಕನ್ನಡದಲ್ಲಿದ್ದರೂ ನಡೆಯುತ್ತದೆ ಎಂದು ಕೆಳಗೆ ಬರೆದಿದ್ದರು. ಇದು ಸಿಕ್ಕರೆ ಇಬ್ಬರೂ ಒಂದೇ ಮನೆಯಲ್ಲಿ ಇರಬಹುದಿತ್ತು. ಸಿಗದಿದ್ದರೆ ನಾನು ಹೈದರಾಬಾದಿನ ಬಸ್ಸು ಹತ್ತಬೇಕಿತ್ತು.

ತೊಂದರೆ ಇದ್ದದ್ದು ನನ್ನಲ್ಲೇ. ನಾನು ಮಾತು ಕಡಿಮೆಯ ಮನುಷ್ಯ. ಕಂಡಕ್ಟರ್ ಚಿಲ್ಲರೆ ಕೊಡುವುದು ಮರೆತರೆ ಅವರ ಮುಖವನ್ನೇ ನೋಡುತ್ತ ಇಳಿಯುವ ಜಾತಿ. ಅಂಥವನು ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಅರ್ಜಿ ಹಾಕುವುದೆಂದರೆ, ನೀವೇ ಊಹಿಸಿಕೊಳ್ಳಿ. ಮೊದಲ ಸಲ ನಾನೊಬ್ಬನೇ ಬರೆದಾಗ ಹೆಸರು, ತಂದೆಯ ಹೆಸರು, ಔರಾದ್ ತಾಲೂಕಿನ ಸಂತಪುರದ ವಿಳಾಸ, ಪಿಯುಸಿ ಪಾಸು ಎಂಬಲ್ಲಿಗೆ ಮುಗಿದುಹೋಯಿತು. ಮಹಾನಂದಾ ಓದಿ ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು. ಇದು ರೆಸ್ಯೂಮ್ ಅಲ್ಲ, ರೇಷನ್ ಕಾರ್ಡು ಎಂದಳು.

ಆಮೇಲೆ ನಮ್ಮ ಗಲ್ಲಿಯ ತುದಿಯ ಜೆರಾಕ್ಸ್ ಅಂಗಡಿಯ ಇಸ್ಮಾಯಿಲ್ ಭಾಯಿಯ ಹತ್ತಿರ ಹೋದೆ. ಅವರ ಕಂಪ್ಯೂಟರಿನಲ್ಲಿ ಒಂದು ರೆಸ್ಯೂಮ್ ತಯಾರಾಗಿಯೇ ಇತ್ತು, ಹೆಸರು ಬದಲಿಸಿದರೆ ಸಾಕು. ಅದರ ಪ್ರಕಾರ ನಾನು ಕಠಿಣ ಪರಿಶ್ರಮಿ, ನಾಯಕತ್ವದ ಗುಣವುಳ್ಳವನು, ಬಿಡುವಿನಲ್ಲಿ ಕ್ರಿಕೆಟ್ ಆಡುವವನು. ಬ್ಯಾಟು ಹಿಡಿದು ಗೊತ್ತಿಲ್ಲ ಎಂದೆ. ಕ್ರಿಕೆಟ್ ತೆಗೆದರೆ ಪುಟದ ಕೆಳಗೆ ಖಾಲಿ ಕಾಣುತ್ತದೆ ಎಂದು ಅವರು ಬೇಸರಪಟ್ಟರು. ಆ ಅಂಗಡಿಯಿಂದ ಕೆಲಸಕ್ಕೆ ಹೋದ ಬೀದರಿನವರೆಲ್ಲ ಕಾಗದದ ಮೇಲೆ ಕ್ರಿಕೆಟ್ ಆಟಗಾರರೇ ಎಂದು ನನಗೆ ಅವತ್ತು ಗೊತ್ತಾಯಿತು.

ಮಹಾನಂದಾ ಅದನ್ನೂ ಒಪ್ಪಲಿಲ್ಲ. ಫೋನಿನಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದಳು: ತಾಳ್ಮೆ ಇದೆ ಎಂದು ಬರೆಯಬಾರದು, ತಾಳ್ಮೆ ತೋರಿಸಿದ ಒಂದು ಸಂಗತಿ ಬರೆಯಬೇಕು. ಅಂಥ ಸಂಗತಿ ನೆನಪಾಗುತ್ತಿಲ್ಲ ಎಂದೆ. ನಿಜ ಹೇಳಬೇಕೆಂದರೆ ನೆನಪಾಗದೇ ಇರಲಿಲ್ಲ, ಬರೆಯಲು ನಾಚಿಕೆ. ನಮ್ಮ ಕಡೆ ತನ್ನ ಬಗ್ಗೆ ತಾನೇ ಒಳ್ಳೆಯದು ಹೇಳಿಕೊಳ್ಳುವ ಪದ್ಧತಿಯಿಲ್ಲ. ಅದಕ್ಕೆ ಇನ್ನೊಬ್ಬರ ಬಾಯಿ ಬೇಕು, ಅವರು ಹೇಳುವಾಗ ನಾವು ನೆಲ ನೋಡಬೇಕು. ಭಾಲ್ಕಿ ಕಡೆಯ ಸಾಯಗಾಂವಕ್ಕೆ ಅವಳನ್ನು ನೋಡಲು ಹೋದಾಗಲೂ ಹಾಗೆಯೇ ಆಗಿತ್ತು. ನನ್ನ ಮಾಮ ನನ್ನನ್ನು ಹೊಗಳುತ್ತಲೇ ಹೋದ, ನಾನು ಅವರ ಮನೆಯ ಚಾಪೆಯ ಅಂಚು ನೋಡುತ್ತ ಕುಳಿತಿದ್ದೆ. ನಾನು ಅಲ್ಲಿ ಆಡಿದ್ದು ಒಂದೇ ಮಾತು, ಚಹಾ ಸಾಕು ಎಂದು. ಮಾಮ ಹೇಳಿದ್ದರಲ್ಲಿ ಅರ್ಧ ಸುಳ್ಳೆಂದು ಮದುವೆಯಾದ ತಿಂಗಳೊಳಗೇ ಗೊತ್ತಾಯಿತೆಂದು ಅವಳು ಆಗಾಗ ಹೇಳುತ್ತಿದ್ದಳು. ಉಳಿದರ್ಧ ಯಾವುದೆಂದು ಮಾತ್ರ ಹೇಳಿರಲಿಲ್ಲ.

ಆ ಭಾನುವಾರ ಹೇಳಿದಳು. “ನೀವು ನೆಲಾ ನೋಡಕೋತ ಬರೀರಿ, ನಾ ಹೇಳ್ತೇನಿ,” ಎಂದು ಹಿಟ್ಟಿನ ಕೈಯಲ್ಲೇ ಶುರುಮಾಡಿದಳು.

ಮೊದಲು ಗೋದಾಮಿನ ಸಂಗತಿ. ಒಬ್ಬ ಲಾರಿ ಡ್ರೈವರು ತನಗೆ ಪೆಟ್ಟಿಗೆ ಕಡಿಮೆ ಕೊಟ್ಟಿದ್ದಾರೆ ಎಂದು ಬೆಳಗ್ಗೆಯಿಂದ ಕೂಗಾಡಿದ್ದ. ಎಲ್ಲರೂ ಒಳಗೆ ಹೋಗಿ ಕುಳಿತರು, ನಾನು ನಿಂತು ಕೇಳಿದೆ. ಅವನು ಉಸಿರು ಎಳೆದುಕೊಳ್ಳಲು ನಿಂತಾಗ ನಾಷ್ಟಾ ಆಗಿದೆಯೇ ಎಂದೆ. ಆಗಿರಲಿಲ್ಲ. ಎರಡು ಪ್ಲೇಟು ಚುರುಮುರಿ ಸುಸಲಾ ತಿಂದ ಮೇಲೆ ಕಾಗದ ಬಿಚ್ಚಿ ನೋಡಿದರೆ ಅವನು ಬರಬೇಕಾದದ್ದು ಪಕ್ಕದ ಗೋದಾಮಿಗೆ. ಇದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಜೊತೆಗಾರರ ಹೆಂಡಂದಿರಿಂದ ತಿಳಿದುಕೊಂಡಿದ್ದಳು. ನನ್ನ ಬಗ್ಗೆ ಅವಳಿಗೆ ಸುದ್ದಿ ಬರುತ್ತಿದ್ದದ್ದು ಹೊರಗಿನಿಂದಲೇ.

ಎರಡನೆಯದು ಅವಳ ಅಣ್ಣನದು. ಸಾಯಗಾಂವದ ಹೊಲದಿಂದ ಫೋನ್ ಮಾಡಿ ಔಷಧದ ಪಂಪು ಹೊಡೆಯುತ್ತಿಲ್ಲ ಎಂದಿದ್ದ. ನಾನು ಬ್ಯಾಟರಿ ಕೇಳಿದೆ, ಸ್ವಿಚ್ಚು ಕೇಳಿದೆ, ನಳಿಗೆ ಬಿಚ್ಚಿಸಿ ಊದಿಸಿದೆ. ಕೊನೆಗೆ ಡಬ್ಬಿಯಲ್ಲಿ ಔಷಧ ಇದೆಯೇ ಎಂದೆ. ಆ ಕಡೆ ಮುಚ್ಚಳ ತಿರುವಿದ ಸದ್ದು ಬಂತು, ಖಾಲಿ ಇದೆ ಎಂದ. ನಾನು, ಹಾಗೆ ಆಗುತ್ತಿರುತ್ತದೆ, ತುಂಬಿಸಿ ನೋಡಿ ಎಂದೆ.

“ನೀವು ನಗಲಿಲ್ಲ. ಅದ ಬರೀರಿ. ನಾ ಇದ್ದಿದ್ರ ವರ್ಷಾನಗಟ್ಟಲೆ ನಗತಿದ್ದೆ,” ಎಂದಳು. ‘ಗ್ರಾಹಕರ ತಪ್ಪಿಗೆ ನಗುವುದಿಲ್ಲ’ ಎಂದು ಬರೆದುಕೊಂಡೆ.

ಭಾಷೆಗಳ ಹತ್ತಿರ ಬಂದಾಗ ಕನ್ನಡ, ಹಿಂದಿ ಎಂದು ಬರೆದು ನಿಲ್ಲಿಸಿದೆ. ಮರಾಠಿ, ತೆಲುಗು ಯಾಕಿಲ್ಲ ಎಂದಳು. ಬೈದರೆ ತಿಳಿಯುತ್ತದೆ, ತಿರುಗಿ ಬೈಯಲು ಬರುವುದಿಲ್ಲ ಎಂದೆ. ಈ ಕೆಲಸಕ್ಕೆ ಅಷ್ಟೇ ಬೇಕಾದದ್ದು ಎಂದು ಎರಡನ್ನೂ ಸೇರಿಸಿದಳು.

ಕೊನೆಗೆ ಅನುಭವದ ಜಾಗ ಉಳಿಯಿತು. ಗೋದಾಮಿನ ಅನುಭವ ಪೆಟ್ಟಿಗೆ ಎಣಿಸಿದ್ದು, ಜನರ ಜೊತೆ ಮಾತಾಡಿದ್ದಲ್ಲ ಎಂದು ನಾನು ಪೆನ್ನು ಕೆಳಗಿಟ್ಟೆ.

“ಈ ಕೆಲಸದಾಗ ಮಾತಾಡೋರು ಫೋನ್ ಮಾಡಿದವರರಿ, ನೀವು ಕೇಳೋರು. ಹನ್ನೊಂದು ವರ್ಷ ನನ್ನ ಮಾತ ಕೇಳೀರಿ. ಇದಕಿಂತ ದೊಡ್ಡ ಅನುಭವ ಈ ಬೀದರದಾಗ ಯಾರಿಗದ?”

ಅವಳನ್ನು ನಗಿಸಲು ಅದನ್ನೂ ಹಾಗೆಯೇ ಬರೆದೆ: ಮನೆಯವರ ಮಾತನ್ನು ಹನ್ನೊಂದು ವರ್ಷ ಎದುರಾಡದೆ ಕೇಳಿದ ಅನುಭವ. ಟೈಪು ಮಾಡಿಸುವಾಗ ಹೊಡೆದುಹಾಕಿದರಾಯಿತು ಎಂದುಕೊಂಡೆ. ಆಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆವು.

ಮರುದಿನ ಬೆಳಗ್ಗೆ ಅಂಗನವಾಡಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಲೇ ಕುಸಿದಳು. ಆಸ್ಪತ್ರೆಯವರು, ತಲೆಯಲ್ಲಿ ನರ ಒಡೆದಿದೆ ಎಂದರು. ಸಂಜೆಗೆ ಹೋಗಿಬಿಟ್ಟಳು. ಇದರ ಬಗ್ಗೆ ಇಷ್ಟು ಬರೆಯುವುದು ನನ್ನಿಂದಾಗುತ್ತದೆ.

ಅವಳ ದಿನಕರ್ಮ ಮುಗಿದು ಸಾಯಗಾಂವದವರು, ಸಂತಪುರದವರು ಹೊರಟುಹೋದ ಮೇಲೆ ನನಗೆ ಬೀದರಿನಲ್ಲಿ ಇರಲೂ ಕಾರಣವಿರಲಿಲ್ಲ, ಹೈದರಾಬಾದಿಗೆ ಹೋಗಲೂ ಇರಲಿಲ್ಲ. ಒಂದು ದಿನ ಹಾಲು ತರಲು ಹೋದಾಗ ಇಸ್ಮಾಯಿಲ್ ಭಾಯಿ ಅಂಗಡಿಯಿಂದ ಇಳಿದು ಬಂದರು. “ಭಾಭಿ ಆ ಭಾನುವಾರ ಸಂಜಿಗೆ ಬಂದು ಹೇಳಿದ್ರು, ನಾಳೆ ಕಾಗದ ಕಳಸ್ತೇನಿ, ಚಂದ ಮಾಡಿ ಟೈಪ್ ಮಾಡ್ರಿ ಅಂತ. ಎಲ್ಲದ ಅದು?” ಎಂದರು. ಬೇಡ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೇಳುವುದಕ್ಕಿಂತ ಕಾಗದ ತಂದುಕೊಡುವುದು ನನಗೆ ಸುಲಭ. ಕೊಟ್ಟೆ. ಓದಿ ನೋಡುವ ಧೈರ್ಯವಿರಲಿಲ್ಲ, ಆದ್ದರಿಂದ ಏನನ್ನೂ ಹೊಡೆದುಹಾಕಲಿಲ್ಲ. ಅವರೂ ಒಂದು ಅಕ್ಷರ ಬಿಡದೆ ಟೈಪು ಮಾಡಿ, ಪುಟದ ಕೆಳಗೆ ಖಾಲಿ ಉಳಿಯಿತೆಂದು ಕ್ರಿಕೆಟ್ ಸೇರಿಸಿ, ತಾವೇ ಕಂಪನಿಗೆ ಕೊಟ್ಟು ಬಂದರು.

ಕರೆ ಬಂತು. ಕೊಳಾರದ ಆಫೀಸಿನಲ್ಲಿ ನನ್ನ ಮುಂದೆ ಕುಳಿತ ಸಾಹೇಬರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮೊದಲು, ಬ್ಯಾಟಿಂಗೋ ಬೌಲಿಂಗೋ ಎಂದು ಕೇಳಿದರು. ನಾನು ಆಡುವುದಿಲ್ಲ, ಜೆರಾಕ್ಸ್ ಅಂಗಡಿಯವರು ಎಲ್ಲರನ್ನೂ ಆಡಿಸುತ್ತಾರೆ ಎಂದೆ. ಅವರು ನಕ್ಕರು. ಡಬ್ಬಿ ಖಾಲಿಯಿದ್ದ ಪಂಪಿನ ಸಂಗತಿ ಓದಿ ಇನ್ನೂ ನಕ್ಕು, ಇಂಥ ಫೋನು ನಮಗೆ ದಿನಾ ಬರುತ್ತವೆ ಎಂದರು. ಆಮೇಲೆ ಅನುಭವದ ಸಾಲಿಗೆ ಬಂದರು. ಪಕ್ಕದ ಟೇಬಲ್ಲಿನವರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು.

“ಹಂಗಾರ ಮನಿಯವರ ಹತ್ರ ಸರ್ಟಿಫಿಕೇಟ್ ತರ್ರಿ ಮತ್ತ,” ಎಂದರು.

“ಅವರು ಹೋದ ತಿಂಗಳು ತೀರಿಕೊಂಡಾರ್ರಿ,” ಎಂದೆ.

ಸಾಹೇಬರ ಮುಖ ಕೆಂಪಾಯಿತು. ಕಾಗದ ಮೇಲೆ ಕೆಳಗೆ ಮಾಡಿದರು, ಪೆನ್ನು ಬೀಳಿಸಿದರು, ತಪ್ಪಾಯಿತು ಎಂದರು, ಮತ್ತೆ ತಪ್ಪಾಯಿತು ಎಂದರು. ಅವರ ಸಂಕಟ ನೋಡಲಾಗಲಿಲ್ಲ. ಟೇಬಲ್ಲಿನ ಮೇಲಿನ ನೀರಿನ ಗ್ಲಾಸನ್ನು ಅವರ ಕಡೆಗೆ ಸರಿಸಿದೆ.

“ನಿಮಗ ಹ್ಯಾಂಗ ಗೊತ್ತಾಗಬೇಕರಿ. ಅವರೂ ನಗಸಲಿಕ್ಕಂತನ ಹೇಳಿ ಬರಸಿದ್ದು. ನೀವು ನಕ್ಕಿದ್ದು ಚಲೋನ ಆತು. ನೀರು ಕುಡೀರಿ.”

ಅವರು ಕುಡಿದರು. ಗ್ಲಾಸು ಕೆಳಗಿಟ್ಟು, ಸೋಮವಾರದಿಂದ ಬನ್ನಿ ಎಂದರು. ಗೇಟಿನ ತನಕ ಬಂದ ಮೇಲೆ ನನಗೆ ಹೊಳೆಯಿತು, ಅಷ್ಟು ಉದ್ದದ ಮಾತನ್ನು ನಾನು ಅಪರಿಚಿತರೊಬ್ಬರಿಗೆ ಆಡಿದ್ದು ಅದೇ ಮೊದಲು.

ಈಗ ಅಲ್ಲಿಯೇ ಕೂರುತ್ತೇನೆ. ಔರಾದ್, ಭಾಲ್ಕಿ, ಗಡಿಯಾಚೆಯ ಊರುಗಳಿಂದ ಫೋನು ಬರುತ್ತವೆ. ಮರಾಠಿಯಲ್ಲಿ ಬೈಸಿಕೊಳ್ಳುತ್ತೇನೆ, ಪೂರ್ತಿ ತಿಳಿಯುತ್ತದೆ. ಮೊನ್ನೆ ಔರಾದ್ ಕಡೆಯ ಮುದುಕರೊಬ್ಬರು ಪಂಪಿಗೆ ಏನಾಗಿದೆ ಎಂದು ಕೇಳಿದ್ದಕ್ಕೆ ಸಿಟ್ಟಾಗಿ, ಅದನ್ನೇ ಕೇಳಿಕೋ ಎಂದು ಫೋನನ್ನು ಪಂಪಿನ ಬಾಯಿಗೆ ಹಿಡಿದರು. ಅದು ನೆಗಡಿಯಾದ ಎಮ್ಮೆಯಂತೆ ಗೊರಗೊರ ಎನ್ನುತ್ತಿತ್ತು. ನಳಿಗೆಯಲ್ಲಿ ಕಸ ಸಿಕ್ಕಿದೆ ಎಂದೆ. ಆ ಮುದುಕರು ಪಂಪಿಗೆ ‘ನನಗೆ ಹೇಳಲಿಲ್ಲ, ಅವನಿಗೆ ಹೇಳಿದಿ ನೋಡು’ ಎಂದು ಬೈಯುತ್ತಿದ್ದದ್ದು ಕೇಳಿಸಿತು.

ನಗು ತಡೆದುಕೊಂಡೆ. ಸಂಜೆ ಕೊಳಾರದಿಂದ ಬರುವ ಆಟೋದಲ್ಲಿ ಕುಳಿತು, ಆ ಗೊರಗೊರ ಸದ್ದನ್ನು ಗಂಟಲಲ್ಲಿ ಹೇಗೆ ಮಾಡಿ ತೋರಿಸಬಹುದೆಂದು ಬಾಯಿ ಮುಚ್ಚಿಕೊಂಡೇ ಪ್ರಯತ್ನಿಸಿದೆ. ಪಕ್ಕದವರು ಸ್ವಲ್ಪ ಸರಿದು ಕುಳಿತರು. ಮನೆ ಬರುವಷ್ಟರಲ್ಲಿ ಸುಮಾರಾಗಿ ಬರತೊಡಗಿತ್ತು. ಈಗ ದಿನವೂ ನನ್ನ ಹತ್ತಿರ ಹೇಳುವುದಕ್ಕೆ ಏನಾದರೊಂದು ಇರುತ್ತದೆ. ಬಾಗಿಲ ಕೀಲಿ ತೆಗೆದು ಒಳಗೆ ಹೋಗುತ್ತೇನೆ. ಮಹಾನಂದಾ ಇಲ್ಲ.